ಹನ್ನೆರಡು ವರ್ಷದ ಇಂಗ್ಲಿಷ್, ಬಾಯಿಗೆ ಬಾರದ ಮಾತು: ಚೀನಾದ ಯುವಜನರಿಗೆ ಕೆಲಸ ಕೊಟ್ಟದ್ದು ಯಾವುದು?

2025ರ ಬೇಸಿಗೆಯಲ್ಲಿ ಚೀನಾದ ಕಾಲೇಜು, ವಿಶ್ವವಿದ್ಯಾನಿಲಯಗಳಿಂದ ಪದವಿ ಮುಗಿಸಿ ಹೊರಬಂದವರು 1 ಕೋಟಿ 22 ಲಕ್ಷ ಮಂದಿ. ಅದೇ ಆಗಸ್ಟ್ ತಿಂಗಳಲ್ಲಿ ನಗರಗಳ 16ರಿಂದ 24 ವರ್ಷದವರಲ್ಲಿ, ಓದುತ್ತಿರುವವರನ್ನು ಬಿಟ್ಟು, ನಿರುದ್ಯೋಗ ಶೇ. 18.9 ಇದೆ ಎಂದು ಅಲ್ಲಿನ ಸರಕಾರವೇ ಲೆಕ್ಕ ಕೊಟ್ಟಿತು. ಅಂದರೆ ಕೆಲಸ ಹುಡುಕುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಖಾಲಿ ಕೈ. ಈ ಪದವೀಧರರಲ್ಲಿ ಬಹುತೇಕ ಎಲ್ಲರೂ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಓದಿದವರು. ಶಾಲೆಯ ಹತ್ತು ವರ್ಷ, ಕಾಲೇಜಿನ ಮೊದಲ ಎರಡು ವರ್ಷ, ಒಟ್ಟು ಹನ್ನೆರಡು ವರ್ಷ. ಇಷ್ಟು ಕಾಲ ಕಲಿತ ಆ ಭಾಷೆ ಕೆಲಸಕ್ಕೆ ಎಷ್ಟು ಬಂತು ಎಂಬ ಪ್ರಶ್ನೆ ಚೀನಾದಲ್ಲಿ ಈಗ ಮನೆಮನೆಯ ಪ್ರಶ್ನೆ.

ಕರಾವಳಿಯಲ್ಲಿ ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಚರ್ಚೆ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಚೀನಾದವರು ಇಂಗ್ಲಿಷ್ ಇಲ್ಲದೆಯೇ ಮುಂದೆ ಬರಲಿಲ್ಲವೇ?” ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದಕ್ಕೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಮಾತು ಅರ್ಧ ಮಾತ್ರ ನಿಜ. ಚೀನಾ ತನ್ನ ಪಾಠಗಳನ್ನು ಚೀನೀ ಭಾಷೆಯಲ್ಲೇ ಕಲಿಸಿತು, ನಿಜ. ಅದರ ಜೊತೆಗೆ ಇಂಗ್ಲಿಷ್ ಎಂಬ ಒಂದು ವಿಷಯಕ್ಕೆ ಅದು ಸುರಿದ ದುಡ್ಡು, ಸಮಯ, ಮಕ್ಕಳ ನಿದ್ದೆ ಎಷ್ಟೆಂದು ನೋಡಿದರೆ, ಇಂಗ್ಲಿಷನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ದೇಶಗಳು ಕಡಿಮೆ. ಕೇಳಬೇಕಾದ್ದು ಚೀನಾ ಇಂಗ್ಲಿಷ್ ಕಲಿತಿತೋ ಇಲ್ಲವೋ ಎಂದಲ್ಲ, ಯಾತಕ್ಕಾಗಿ ಕಲಿಸಿತು ಎಂದು.

1950ರ ದಶಕದಲ್ಲಿ ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಿದ್ದ ಮುಖ್ಯ ವಿದೇಶಿ ಭಾಷೆ ರಷ್ಯನ್. ಸೋವಿಯತ್ ಸ್ನೇಹ ಮುರಿದ ಮೇಲೆ ಅದರ ಕಾಲ ಮುಗಿಯಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಂತೂ ವಿದೇಶಿ ಭಾಷೆ ಬಲ್ಲವನ ಮೇಲೆಯೇ ಅನುಮಾನ. 1977ರಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ‘ಗಾವೊಕಾವೊ’ ಮತ್ತೆ ಶುರುವಾಯಿತು. ಮರುವರ್ಷ ದೆಂಗ್ ಶಿಯಾವೊಪಿಂಗ್ ದೇಶದ ಬಾಗಿಲು ತೆರೆದರು. ವಿದೇಶಿ ಕಂಪೆನಿಗಳು ಬಂದವು, ಯಂತ್ರಗಳು ಬಂದವು, ಯಂತ್ರಗಳ ಜೊತೆ ಇಂಗ್ಲಿಷ್ ಕೈಪಿಡಿಗಳೂ ಬಂದವು. 2001 ಈ ಕತೆಯ ದೊಡ್ಡ ವರ್ಷ. ಆ ವರ್ಷ 2008ರ ಒಲಿಂಪಿಕ್ಸ್ ಬೀಜಿಂಗ್‌ಗೆ ಸಿಕ್ಕಿತು, ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು, ಮೂರನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ನಿರ್ಧಾರವೂ ಅದೇ ವರ್ಷದ್ದು. ನಿನ್ನೆಯವರೆಗೆ ಕಲಿಸುವವರೇ ಇಲ್ಲದ ಹಳ್ಳಿ ಶಾಲೆಗಳಿಗೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಟೀಚರ್ ಬೇಕಾದರು.

ಟೀಚರ್ ಸಿಕ್ಕಿದರೂ ಪಾಠ ಹೇಗಿರಬೇಕೆಂದು ತೀರ್ಮಾನಿಸಿದ್ದು ಪರೀಕ್ಷೆ. ಗಾವೊಕಾವೊದಲ್ಲಿ 750 ಅಂಕಗಳಲ್ಲಿ 150 ವಿದೇಶಿ ಭಾಷೆಗೆ. ಚೀನೀ ಭಾಷೆಗೂ 150, ಗಣಿತಕ್ಕೂ 150. ಭೌತಶಾಸ್ತ್ರ ಬಿಟ್ಟವನಿಗೆ ಬೇರೆ ದಾರಿ ಉಂಟು, ವಿದೇಶಿ ಭಾಷೆಯ ಪತ್ರಿಕೆ ತಪ್ಪಿಸಿಕೊಳ್ಳಲು ಯಾರಿಗೂ ದಾರಿಯಿಲ್ಲ. ಹೆಚ್ಚಿನ ಪ್ರಾಂತಗಳಲ್ಲಿ ಆ ಪತ್ರಿಕೆಯಲ್ಲಿ ಓದುವುದು, ಬಿಟ್ಟ ಸ್ಥಳ ತುಂಬುವುದು, ಬರೆಯುವುದು, ಸ್ವಲ್ಪ ಕೇಳಿಸಿಕೊಳ್ಳುವುದು ಇರುತ್ತದೆ, ಮಾತನಾಡುವುದಕ್ಕೆ ಅಂಕವಿಲ್ಲ. ಶಾಂಘೈ, ಬೀಜಿಂಗ್, ಗುವಾಂಗ್‌ಡಾಂಗ್‌ನಂತಹ ಕೆಲವೇ ಕಡೆ ಕಂಪ್ಯೂಟರ್ ಮುಂದೆ ಕೂರಿಸಿ ಮಾತನಾಡಿಸುವ ಪರೀಕ್ಷೆ ಸೇರಿದೆ. ಅಂಕ ಬಾರದ್ದನ್ನು ಐವತ್ತು ಮಕ್ಕಳ ತರಗತಿಯಲ್ಲಿ ಯಾವ ಟೀಚರ್ ಕಲಿಸುತ್ತಾರೆ? ಅವರಿಗೂ ಪೋರ್ಷನ್ ಮುಗಿಸಬೇಕು. ಹೀಗೆ ಬೆಳೆದ ಇಂಗ್ಲಿಷ್‌ಗೆ ಚೀನೀಯರೇ ಒಂದು ಹೆಸರಿಟ್ಟಿದ್ದಾರೆ: ‘ಯಾಬಾ ಯಿಂಗ್ಯು’, ಮೂಕ ಇಂಗ್ಲಿಷ್. ಕಣ್ಣಿಗೆ ಗೊತ್ತು, ಕೈಗೆ ಗೊತ್ತು, ಬಾಯಿಗೆ ಮಾತ್ರ ಗೊತ್ತಿಲ್ಲ. 1990ರ ದಶಕದಲ್ಲಿ ಲೀ ಯಾಂಗ್ ಎಂಬವರು ಸಾವಿರಾರು ಜನರನ್ನು ಮೈದಾನದಲ್ಲಿ ನಿಲ್ಲಿಸಿ ಇಂಗ್ಲಿಷ್ ವಾಕ್ಯಗಳನ್ನು ಗಂಟಲು ಹರಿಯುವಂತೆ ಕೂಗಿಸುವ ‘ಕ್ರೇಜಿ ಇಂಗ್ಲಿಷ್’ ನಡೆಸಿ ಹೆಸರು ಮಾಡಿದ್ದು ಈ ಮೂಕತನ ಬಿಡಿಸುವ ಭರವಸೆ ಕೊಟ್ಟೇ. ಜನ ದುಡ್ಡು ಕೊಟ್ಟು ಕೂಗಿದರು ಎಂದರೆ ಹಸಿವು ಎಷ್ಟಿತ್ತು ನೋಡಿ.

ಕಾಲೇಜಿಗೆ ಬಂದರೆ ಇನ್ನೊಂದು ಪರೀಕ್ಷೆ, ಸಿಇಟಿ. (ಕರ್ನಾಟಕದ ಸಿಇಟಿ ಅಲ್ಲ, ಕಾಲೇಜ್ ಇಂಗ್ಲಿಷ್ ಟೆಸ್ಟ್.) ಇದರಲ್ಲಿ ನಾಲ್ಕನೇ ಹಂತ 1987ರಲ್ಲಿ, ಆರನೇ ಹಂತ 1989ರಲ್ಲಿ ಬಂತು. ಒಟ್ಟು 710 ಅಂಕ, 425 ಬಂದರೆ ಪಾಸಾದ ಲೆಕ್ಕ. ಇಲ್ಲಿಯೂ ಮಾತಿನ ಪರೀಕ್ಷೆ ಬೇರೆಯೇ ಇದೆ, ಇಷ್ಟವಿದ್ದವರು ಬರೆದರೆ ಆಯಿತು. ಅನೇಕ ವಿಶ್ವವಿದ್ಯಾನಿಲಯಗಳು ನಾಲ್ಕನೇ ಹಂತ ಪಾಸಾಗದವರಿಗೆ ಪದವಿಯನ್ನೇ ತಡೆಹಿಡಿಯುತ್ತಿದ್ದವು. ಕೆಲಸದ ಜಾಹೀರಾತುಗಳಲ್ಲಿಯೂ ಇದೇ ಸರ್ಟಿಫಿಕೇಟ್ ಕೇಳುತ್ತಿದ್ದರು. ವಿದೇಶಿಯರ ಮುಖವನ್ನೇ ನೋಡದ ಕಚೇರಿಯ ಗುಮಾಸ್ತ ಹುದ್ದೆಗೂ ಅದು ಬೇಕು. ಕೆಲಸ ಸಿಕ್ಕಿದ ಮೇಲೂ ಬಿಡುಗಡೆಯಿಲ್ಲ. ವೈದ್ಯರು, ಎಂಜಿನಿಯರ್‌ಗಳು, ಶಿಕ್ಷಕರು ಬಡ್ತಿಯ ದರ್ಜೆ ಪಡೆಯಬೇಕಾದರೆ ವಿದೇಶಿ ಭಾಷೆಯ ಪರೀಕ್ಷೆ ಬರೆಯಬೇಕಿತ್ತು. ನಾಟಿ ಔಷಧಿ ಕೊಡುವ ವೈದ್ಯನೂ, ಪ್ರಾಚೀನ ಚೀನೀ ಸಾಹಿತ್ಯ ಕಲಿಸುವ ಮೇಷ್ಟ್ರೂ ನಲವತ್ತು ದಾಟಿದ ಮೇಲೆ ಇಂಗ್ಲಿಷ್ ಶಬ್ದಗಳನ್ನು ಉರು ಹೊಡೆಯುತ್ತಿದ್ದರು. ಎಲ್ಲರಿಗೂ ಒಂದೇ ರೀತಿಯ ಈ ಕಡ್ಡಾಯವನ್ನು ಸರಕಾರ ಕೈಬಿಟ್ಟದ್ದು 2016ರ ಕೊನೆಗೆ.

ಈ ಪರೀಕ್ಷೆಗಳು ಕೆಲಸಕ್ಕೆ ತಯಾರು ಮಾಡಲು ಇದ್ದವು ಎಂದರೆ ನಂಬುವುದು ಕಷ್ಟ. ಇವು ಜರಡಿ. ಒಂದು ಹುದ್ದೆಗೆ ಸಾವಿರ ಅರ್ಜಿ ಬಂದಾಗ ಒಂಬೈನೂರನ್ನು ಬದಿಗೆ ಸರಿಸಲು ಯಾವುದಾದರೂ ಒಂದು ಅಳತೆ ಬೇಕು. ಎಲ್ಲರೂ ಓದಿದ ವಿಷಯ, ಎಲ್ಲರಿಗೂ ಒಂದೇ ಪ್ರಶ್ನೆ ಪತ್ರಿಕೆ, ಕಂಪ್ಯೂಟರ್ ತಿದ್ದಬಹುದಾದ ಉತ್ತರ. ಇಂಗ್ಲಿಷ್ ಅದಕ್ಕೆ ಬಹಳ ಅನುಕೂಲವಾದ ಜರಡಿಯಾಯಿತು. ಜರಡಿಯಲ್ಲಿ ಉಳಿದವನಿಗೆ ಕೆಲಸ ಸಿಕ್ಕಿತು, ಸುಳ್ಳಲ್ಲ. ಆದರೆ ಅವನಿಗೆ ಕೆಲಸ ಸಿಕ್ಕಿದ್ದು ಇಂಗ್ಲಿಷ್ ಬಂದದ್ದರಿಂದಲ್ಲ, ಪಕ್ಕದವನು ಪಾಸಾಗದೆ ಹೋದದ್ದರಿಂದ. ಎಲ್ಲರ ಕೈಯಲ್ಲೂ ಸರ್ಟಿಫಿಕೇಟ್ ಬಂದ ದಿನ ಅಂತಹ ಕಾಗದದ ಬೆಲೆ ಇಳಿಯಲೇಬೇಕು. ವರ್ಷಕ್ಕೆ ಕೋಟಿ ದಾಟಿ ಪದವೀಧರರು ಹೊರಬರುವಾಗ ಆದದ್ದೂ ಅದೇ.

ಹಾಗೆಂದು ಮೂಕ ಇಂಗ್ಲಿಷ್ ಪೂರ್ತಿ ದಂಡ ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಶೆನ್‌ಝೆನ್‌ನ ಒಬ್ಬ ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗೆ ಬೇಕಾದದ್ದು ಚಿಪ್ ಒಂದರ ವಿವರಪತ್ರ ಓದಿ ಅರ್ಥ ಮಾಡಿಕೊಳ್ಳುವುದು. ಸಂಶೋಧನೆ ಮಾಡುವವರಿಗೆ ಬೇಕಾದದ್ದು ಇಂಗ್ಲಿಷ್ ಪತ್ರಿಕೆಗಳ ಲೇಖನ ಓದುವುದು, ಬರೆಯುವುದು. ಇವತ್ತು ವಿಜ್ಞಾನ ಲೇಖನಗಳ ಸಂಖ್ಯೆಯಲ್ಲಿ ಚೀನಾ ಜಗತ್ತಿನ ಮುಂಚೂಣಿಯಲ್ಲಿದೆ. ಅದರ ಹಿಂದೆ ಓದಲು ಬರೆಯಲು ಕಲಿಸಿದ ಈ ಹಳೇ ಮಾದರಿಯ ಇಂಗ್ಲಿಷ್ ಇದೆ. ಮಾತು ಬಾರದಿದ್ದರೂ ಅವರ ಕೆಲಸ ನಿಲ್ಲಲಿಲ್ಲ. ತೊಂದರೆಯಾದದ್ದು ಇಂತಹ ಕೆಲವು ಲಕ್ಷ ಜನರಿಗೆ ಹೊಂದುವ ಅಂಗಿಯನ್ನು ಹತ್ತಾರು ಕೋಟಿ ಮಕ್ಕಳಿಗೆ ತೊಡಿಸಿದಾಗ. ಹೋಟೆಲ್ ಕೆಲಸಕ್ಕೆ ಹೋಗುವವಳಿಗೂ ಅದೇ ವ್ಯಾಕರಣ, ಬಂದರಿನಲ್ಲಿ ಸರಕು ಲೆಕ್ಕ ಬರೆಯುವವನಿಗೂ ಅದೇ ವ್ಯಾಕರಣ. ಒಂಬತ್ತನೇ ತರಗತಿಯ ನಂತರ ಚೀನಾದಲ್ಲಿ ದೊಡ್ಡದೊಂದು ಪಾಲು ಮಕ್ಕಳು ಸಾಮಾನ್ಯ ಹೈಸ್ಕೂಲ್ ಸಿಗದೆ ವೃತ್ತಿ ಶಾಲೆಗಳಿಗೆ ಹೋಗುತ್ತಾರೆ. ಅಲ್ಲಿಯವರೆಗೆ ಅವರು ಏಳು ವರ್ಷ ಕಲಿತ ಇಂಗ್ಲಿಷ್ ಅವರ ಮಟ್ಟಿಗೆ ಹೈಸ್ಕೂಲ್ ಬಾಗಿಲಲ್ಲಿ ನಿಂತ ಕಾವಲುಗಾರ ಅಷ್ಟೇ.

ಮತ್ತು ಕಾವಲುಗಾರ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲ. ಶಾಂಘೈಯ ಮಗುವಿಗೆ ನರ್ಸರಿಯಿಂದಲೇ ಅಮೆರಿಕದ ಟೀಚರ್ ಆನ್‌ಲೈನಿನಲ್ಲಿ ಸಿಗುತ್ತಿದ್ದರು. ಗಾನ್ಸು, ಗುಯ್‌ಝೌ ಪ್ರಾಂತಗಳ ಗುಡ್ಡಗಾಡು ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಂಗ್ಲಿಷ್ ಪುಸ್ತಕವನ್ನೂ ಕೈಗೆತ್ತಿಕೊಳ್ಳಬೇಕಿತ್ತು. ಗಣಿತವನ್ನು ಒಂದು ಹಳೇ ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊಂಡು ಬುದ್ಧಿವಂತ ಮಗು ಒಂದಿಷ್ಟು ತಾನೇ ಕಲಿತೀತು. ಕಿವಿಗೆ ಬೀಳದ ಭಾಷೆಯನ್ನು ಹೇಗೆ ಕಲಿಯುವುದು? ಊರು ಬಿಟ್ಟು ದುಡಿಯಲು ಹೋದ ಅಪ್ಪ ಅಮ್ಮನ ಮಕ್ಕಳು, ಅಜ್ಜಿಯ ಜೊತೆ ಹಳ್ಳಿಯಲ್ಲಿ ಉಳಿದವರು, ಎಡವಿದ್ದು ಹೆಚ್ಚಾಗಿ ಈ ಪತ್ರಿಕೆಯಲ್ಲೇ.

ಇನ್ನು, ಇಂಗ್ಲಿಷ್‌ನಿಂದ ನಿಜವಾಗಿಯೂ ಅನ್ನ ಕಂಡವರ ಕತೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅಲಿಬಾಬಾ ಕಟ್ಟಿದ ಜಾಕ್ ಮಾ ಹುಟ್ಟಿದ್ದು 1964ರಲ್ಲಿ ಹಾಂಗ್‌ಝೌ ನಗರದಲ್ಲಿ. ಪ್ರವಾಸಿಗಳು ಬರತೊಡಗಿದ ಕಾಲ. ಹುಡುಗ ಬೆಳಿಗ್ಗೆ ಸೈಕಲ್ ತುಳಿದು ಹೋಟೆಲ್ ಮುಂದೆ ಹೋಗಿ ನಿಂತು, ವಿದೇಶಿಯರಿಗೆ ಪುಕ್ಕಟೆ ಊರು ತೋರಿಸುತ್ತ ವರ್ಷಗಟ್ಟಲೆ ಇಂಗ್ಲಿಷ್ ಕಲಿತ. ಗಾವೊಕಾವೊದಲ್ಲಿ ಎರಡು ಸಲ ಫೇಲ್. ಮುಂದೆ ಶಿಕ್ಷಕರ ಕಾಲೇಜಿನಲ್ಲಿ ಇಂಗ್ಲಿಷ್ ಪದವಿ, ಮೇಷ್ಟ್ರ ಕೆಲಸ, 1994ರಲ್ಲಿ ಒಂದು ಭಾಷಾಂತರ ಕಚೇರಿ, 1999ರಲ್ಲಿ ಅಲಿಬಾಬಾ. ಗುವಾಂಗ್‌ಶಿಯ ಯಾಂಗ್‌ಶುವೊದಲ್ಲಿ ಬೆಟ್ಟ ನೋಡಲು ಬರುವವರಿಗೆ ನೀರು, ತಂಪು ಪಾನೀಯ ಮಾರುವ ರೈತ ಹೆಂಗಸರು ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆಯೇ ಪ್ರವಾಸಿಗಳ ಜೊತೆ ಇಂಗ್ಲಿಷ್ ಮಾತನಾಡಿ ಗೈಡ್ ಕೆಲಸ ಮಾಡುವುದನ್ನು ಕಂಡು ಹೋದವರು ಬೆರಗಾಗಿದ್ದಾರೆ. ಗಲ್ಫ್‌ಗೆ ಹೋದ ಕರಾವಳಿಯ ಹುಡುಗ ಅಂಗಡಿಯಲ್ಲಿ ನಿಂತು ವರ್ಷ ಕಳೆಯುವುದರೊಳಗೆ ಅರಬಿ, ಹಿಂದಿ ಎರಡನ್ನೂ ಬಾಯಿಗೆ ತಂದುಕೊಳ್ಳುವುದಿಲ್ಲವೇ, ಅದೇ ದಾರಿ.

ಇದರ ಅತಿ ದೊಡ್ಡ ಉದಾಹರಣೆ ಝೆಜಿಯಾಂಗ್ ಪ್ರಾಂತದ ಯಿವು. ಮಂಗಳೂರಿನಿಂದ ಕಾಸರಗೋಡಿನವರೆಗೆ ಫ್ಯಾನ್ಸಿ ಅಂಗಡಿಗಳಲ್ಲಿ ಕಾಣುವ ಆಟಿಕೆ, ಹೇರ್‌ಕ್ಲಿಪ್, ಬಣ್ಣದ ದೀಪಗಳಂತಹ ಸಣ್ಣ ಸರಕಿನ ಜಗತ್ತಿನ ದೊಡ್ಡ ಸಂತೆ ಇದು. ಒಂದೇ ಮಾರುಕಟ್ಟೆಯಲ್ಲಿ ಸುಮಾರು 75,000 ಮಳಿಗೆಗಳು. ಇಲ್ಲಿ ವ್ಯಾಪಾರ ನಡೆಯುವುದು ಕ್ಯಾಲ್ಕುಲೇಟರ್‌ನಲ್ಲಿ ಅಂಕಿ ಒತ್ತಿ ತೋರಿಸುತ್ತ, ನಾಲ್ಕಾರು ಇಂಗ್ಲಿಷ್ ಶಬ್ದಗಳಲ್ಲಿ. ಬೆಲೆ, ಬಣ್ಣ, ಎಷ್ಟು ಪೆಟ್ಟಿಗೆ, ಯಾವಾಗ ಕಳಿಸುತ್ತೀರಿ. ಇಷ್ಟು ಸಾಕು. ಆದರೆ ಅರಬ್ ದೇಶಗಳಿಂದ ವ್ಯಾಪಾರಿಗಳು ಗುಂಪುಗುಂಪಾಗಿ ಬರತೊಡಗಿದಾಗ ಇಂಗ್ಲಿಷ್ ಸಾಲಲಿಲ್ಲ. ಆಗ ಕೆಲಸಕ್ಕೆ ಬಂದವರು ಯಾರು ಎಂದರೆ, ಪರೀಕ್ಷೆಯ ಜರಡಿಯಿಂದ ಕೆಳಗೆ ಬಿದ್ದವರು.

ವಾಯವ್ಯ ಚೀನಾದ ನಿಂಗ್‌ಶಿಯಾ, ಗಾನ್ಸು ಕಡೆಯ ಹುಯ್ ಮುಸ್ಲಿಮರ ಹಳ್ಳಿಗಳು ಬಡ ಹಳ್ಳಿಗಳು. ಗಾವೊಕಾವೊ ದಾಟಲಾಗದ, ಹೈಸ್ಕೂಲೇ ಸಿಗದ ಅಲ್ಲಿನ ಹುಡುಗ ಹುಡುಗಿಯರು ಸ್ಥಳೀಯ ಅರಬಿ ಶಾಲೆಗಳಲ್ಲಿ ಓದುತ್ತಿದ್ದರು. ನಿಂಗ್‌ಶಿಯಾದ ತೊಂಗ್‌ಶಿನ್‌ನಲ್ಲಿ ಸರಕಾರಿ ಅರಬಿ ಭಾಷಾ ಶಾಲೆಯೇ 1985ರಲ್ಲಿ ಶುರುವಾಗಿತ್ತು. ಹೆತ್ತವರು ಕಳಿಸಿದ್ದು ದೀನಿ ತಿಳಿವಳಿಕೆಗಾಗಿ, ಹೆಚ್ಚೆಂದರೆ ಮಗ ಊರಿನ ಮಸೀದಿಯಲ್ಲಿ ಇಮಾಮ್ ಆದಾನು ಎಂದು. ಆ ಮಕ್ಕಳು ರೈಲು ಹತ್ತಿ ಯಿವುವಿಗೆ, ಗುವಾಂಗ್‌ಝೌಗೆ ಬಂದು ಸಿರಿಯಾ, ಯಮನ್, ಈಜಿಪ್ಟ್, ಇರಾಕ್‌ನ ವ್ಯಾಪಾರಿಗಳಿಗೆ ದುಭಾಷಿಗಳಾದರು. ಕೆಲವರು ಸರಕು ಕಳಿಸುವ ತಮ್ಮದೇ ಕಚೇರಿ ತೆರೆದರು, ಮನೆಯವರನ್ನು ಕರೆಸಿಕೊಂಡರು. ಹನ್ನೆರಡು ವರ್ಷ ಇಂಗ್ಲಿಷ್ ಓದಿ ಸರ್ಟಿಫಿಕೇಟ್ ಹಿಡಿದವರು ಗುಮಾಸ್ತ ಕೆಲಸಕ್ಕೆ ಸಾಲಿನಲ್ಲಿ ನಿಂತಿದ್ದಾಗ, ಲೆಕ್ಕಕ್ಕೇ ಇಲ್ಲದ ಶಾಲೆಯಲ್ಲಿ ನಾಲ್ಕು ವರ್ಷ ಅರಬಿ ಓದಿದವರು ಸಂಬಳ ಎಣಿಸುತ್ತಿದ್ದರು. ಅರಬಿ ಇಂಗ್ಲಿಷ್‌ಗಿಂತ ಮೇಲೆಂದು ಇದರರ್ಥವಲ್ಲ. ಆ ಶಾಲೆಗಳಲ್ಲಿ ಕಲಿಸಿದ್ದು ಗ್ರಂಥದ ಅರಬಿ, ಸಂತೆಯ ಅರಬಿಯನ್ನು ಅವರು ಯಿವುವಿಗೆ ಬಂದೇ ಕಲಿತರು. ಬುನಾದಿ ಒಂದಿತ್ತು, ಬೇಕೆನ್ನುವ ಗಿರಾಕಿ ಎದುರಿಗಿದ್ದ, ಎರಡೂ ಕೂಡಿತು. ನಂತರದ ವರ್ಷಗಳಲ್ಲಿ ಧಾರ್ಮಿಕ ಶಿಕ್ಷಣದ ಮೇಲೆ ಸರಕಾರದ ಹಿಡಿತ ಬಿಗಿಯಾದಾಗ ಈ ದಾರಿಯೂ ಕಿರಿದಾಯಿತು. 2018ರ ಕೊನೆಗೆ ಗಾನ್ಸುವಿನ ಪಿಂಗ್‌ಲಿಯಾಂಗ್‌ನಲ್ಲಿ ಬಡ ಮಕ್ಕಳಿಗೆ ಕಲಿಸುತ್ತಿದ್ದ ಅರಬಿ ಶಾಲೆಯೊಂದನ್ನು ಅನುಮತಿ ಇಲ್ಲವೆಂಬ ಕಾರಣ ಕೊಟ್ಟು ಮುಚ್ಚಿಸಲಾಯಿತು. ಕೆಲಸ ಕೊಡುತ್ತಿದ್ದ ಒಂದು ಭಾಷಾ ಶಾಲೆ ಹೀಗೆ ಮುಚ್ಚಿಹೋದದ್ದು ಉದ್ಯೋಗದ ಚರ್ಚೆಯಲ್ಲಿ ಎಲ್ಲೂ ಬರುವುದಿಲ್ಲ.

ಉತ್ತರದ ದಾಲಿಯನ್ ನಗರದ ಕತೆಯೂ ಇಂಥದ್ದೇ. ಬೆಂಗಳೂರು ಅಮೆರಿಕಕ್ಕೆ ಮಾಡುವ ಹೊರಗುತ್ತಿಗೆ ಕೆಲಸವನ್ನು ದಾಲಿಯನ್ ಜಪಾನಿಗೆ ಮಾಡುತ್ತದೆ. ಅಲ್ಲಿ ಬೇಕಾದದ್ದು ಜಪಾನಿ ಭಾಷೆ. ಇದರ ಜೊತೆ ಇನ್ನೊಂದು ತಮಾಷೆಯೂ ಉಂಟು. ಗಾವೊಕಾವೊದಲ್ಲಿ ಇಂಗ್ಲಿಷ್ ಬದಲು ಜಪಾನಿ, ರಷ್ಯನ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಆಯ್ದುಕೊಳ್ಳಲೂ ಅವಕಾಶವಿದೆ. ಕಳೆದ ಕೆಲವು ವರ್ಷಗಳಲ್ಲಿ ಇಂಗ್ಲಿಷ್‌ನಲ್ಲಿ ಅಂಕ ಬಾರದ ಮಕ್ಕಳು ಹೈಸ್ಕೂಲಿನಲ್ಲಿ ಜಪಾನಿಗೆ ಜಿಗಿಯತೊಡಗಿದರು. ಲಿಪಿ ಅರ್ಧ ಪರಿಚಿತ, ಪತ್ರಿಕೆ ಸುಲಭ ಎಂಬ ಲೆಕ್ಕಾಚಾರ. ಜಪಾನಿ ಕಂಪೆನಿ ಸೇರುವ ಆಸೆಯಿಂದ ಹೋದವರು ಎಷ್ಟು ಮಂದಿಯೋ! ಇಲ್ಲಿಯೂ ಭಾಷೆ ಎಂದರೆ ಅಂಕ.

2021ರ ಜುಲೈಯಲ್ಲಿ ಸರಕಾರ ಬುಡಕ್ಕೇ ಕೊಡಲಿ ಹಾಕಿತು. ಹೋಂವರ್ಕ್ ಮತ್ತು ಟ್ಯೂಶನ್ ಎರಡರ ಹೊರೆ ಇಳಿಸುತ್ತೇವೆ ಎಂಬ ‘ಜೋಡಿ ಕಡಿತ’ ನೀತಿ ಬಂತು. ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಶನ್ ನಡೆಸುವಂತಿಲ್ಲ, ವಾರಾಂತ್ಯ, ರಜೆಗಳಲ್ಲಿ ಪಾಠ ಮಾಡುವಂತಿಲ್ಲ, ಹೊರದೇಶದಲ್ಲಿ ಕೂತ ಟೀಚರ್‌ಗಳಿಂದ ಆನ್‌ಲೈನ್ ಪಾಠ ಮಾಡಿಸುವಂತಿಲ್ಲ. ಅದೇ ಆಗಸ್ಟ್‌ನಲ್ಲಿ ಶಾಂಘೈ ಪ್ರಾಥಮಿಕ ಶಾಲೆಗಳ ವಾರ್ಷಿಕ ಪರೀಕ್ಷೆಯಿಂದ ಇಂಗ್ಲಿಷನ್ನು ತೆಗೆಯಿತು. ಕೋಚಿಂಗ್ ಉದ್ಯಮದ ದೊಡ್ಡ ಹೆಸರು ‘ನ್ಯೂ ಓರಿಯೆಂಟಲ್’. ಅದನ್ನು 1993ರಲ್ಲಿ ಕಟ್ಟಿದವರು ಪೀಕಿಂಗ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಯು ಮಿನ್‌ಹಾಂಗ್. 60,000 ನೌಕರರನ್ನು ಬಿಡಬೇಕಾಯಿತು, ಕಂಪೆನಿಯ ಮಾರುಕಟ್ಟೆ ಮೌಲ್ಯ ಶೇ. 90ರಷ್ಟು ಕುಸಿಯಿತು ಎಂದು 2022ರ ಜನವರಿಯಲ್ಲಿ ಅವರೇ ಬರೆದುಕೊಂಡರು. ಮುಚ್ಚಿದ ಕೇಂದ್ರಗಳ ಬೆಂಚು, ಕುರ್ಚಿಗಳು ಹಳ್ಳಿ ಶಾಲೆಗಳಿಗೆ ದಾನವಾಗಿ ಹೋದವು.

ಒಂದು ಮಾತು ಇಲ್ಲಿ ಗಮನಿಸಬೇಕು. ಇಂಗ್ಲಿಷ್ ಪದವಿ ಮುಗಿಸಿದವರಿಗೆ ಅತಿ ಹೆಚ್ಚು ಕೆಲಸ ಕೊಡುತ್ತಿದ್ದ ಜಾಗಗಳಲ್ಲಿ ಈ ಕೋಚಿಂಗ್ ಕೇಂದ್ರಗಳೂ ಒಂದು. ಇಂಗ್ಲಿಷ್ ಓದಿದವರು ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಕಲಿಸುವುದು, ಅವರು ಮುಂದಿನವರಿಗೆ ಕಲಿಸುವುದು. ಪರೀಕ್ಷೆ ತಾನೇ ಸೃಷ್ಟಿಸಿದ ಉದ್ಯೋಗ ಅದು. ಒಂದು ಆದೇಶಕ್ಕೆ ಅದು ನೆಲ ಕಚ್ಚಿತು. ಬಿದ್ದವರಲ್ಲಿ ಒಬ್ಬರ ಕತೆ ಮಾತ್ರ ದೇಶಕ್ಕೆಲ್ಲ ಗೊತ್ತು. ಶಾನ್‌ಶಿ ಪ್ರಾಂತದ ರೈತ ಮನೆಯ ದಾಂಗ್ ಯುಹುಯ್ ನ್ಯೂ ಓರಿಯೆಂಟಲ್‌ನ ಇಂಗ್ಲಿಷ್ ಮೇಷ್ಟ್ರು. ಪಾಠ ನಿಂತ ಮೇಲೆ ಕಂಪೆನಿ ಮೊಬೈಲ್ ನೇರಪ್ರಸಾರದಲ್ಲಿ ಅಕ್ಕಿ, ಜೋಳ, ಹಣ್ಣು ಮಾರಲು ಇಳಿಯಿತು. ಪಕ್ಕದಲ್ಲಿ ಬಿಳಿ ಹಲಗೆ ಇಟ್ಟುಕೊಂಡು, ಮಾರುವ ವಸ್ತುವಿನ ಇಂಗ್ಲಿಷ್ ಹೆಸರು ಬರೆದು, ನಡುವೆ ಕವಿತೆ, ಇತಿಹಾಸ ಹೇಳುತ್ತ ದಾಂಗ್ 2022ರ ಜೂನ್‌ನಲ್ಲಿ ರಾತ್ರಿ ಬೆಳಗಾಗುವುದರೊಳಗೆ ತಾರೆಯಾದರು. ಜನ ನಕ್ಕರು, ಅತ್ತರು, ಅಕ್ಕಿ ಕೊಂಡರು. ಇದನ್ನು ಇಂಗ್ಲಿಷ್‌ನ ಗೆಲುವು ಎಂದು ಕೆಲವರು ಬಣ್ಣಿಸಿದರು. ಅಕ್ಕಿ ಮಾರಿದ್ದು ಅವರ ಮಾತುಗಾರಿಕೆ. ಆ ಮಾತುಗಾರಿಕೆ ಚೀನೀ ಭಾಷೆಯದ್ದು. ಉಳಿದ 59,999 ಜನರಿಗೆ ಬಿಳಿ ಹಲಗೆ ಸಿಗಲಿಲ್ಲ.

2023ರ ವಸಂತದಲ್ಲಿ ಲು ಶುನ್ ಅವರ 1919ರ ಕತೆಯ ಪಾತ್ರ ಕೊಂಗ್ ಯಿಜಿ ಇದ್ದಕ್ಕಿದ್ದಂತೆ ಚೀನಾದ ಯುವಜನರ ಬಾಯಲ್ಲಿ ಬಂದ. ಪರೀಕ್ಷೆ ಪಾಸಾಗದ, ಆದರೂ ಪಂಡಿತರ ಉದ್ದ ನಿಲುವಂಗಿ ಬಿಚ್ಚಲೊಪ್ಪದ ಬಡ ವಿದ್ವಾಂಸ ಅವನು. ‘ನಮ್ಮ ಪದವಿಯೂ ಆ ನಿಲುವಂಗಿಯೇ’ ಎಂದು ಹುಡುಗರು ಬರೆದುಕೊಂಡರು. ಅಂಗಿ ಬಿಚ್ಚಿ ಸಿಕ್ಕ ಕೆಲಸ ಮಾಡಿ ಎಂದು ಸರಕಾರಿ ಮಾಧ್ಯಮ ಬುದ್ಧಿ ಹೇಳಿದಾಗ ಸಿಟ್ಟು ಇನ್ನಷ್ಟು ಏರಿತು. ಆ ಜೂನ್‌ನಲ್ಲಿ ಯುವ ನಿರುದ್ಯೋಗ ಶೇ. 21.3 ಮುಟ್ಟಿತು, ಆಗಸ್ಟ್‌ನಲ್ಲಿ ಸರಕಾರ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ವಿದ್ಯಾರ್ಥಿಗಳನ್ನು ಲೆಕ್ಕದಿಂದ ಹೊರಗಿಟ್ಟ ಹೊಸ ಅಂಕಿ ಬಂದದ್ದು ಮುಂದಿನ ಜನವರಿಯಲ್ಲಿ.

ಈ ನಡುವೆ ಇಂಗ್ಲಿಷ್‌ನ ಜಾಗ ಮೆಲ್ಲನೆ ಕುಗ್ಗುತ್ತಿದೆ. 2022ರ ಹೊಸ ಪಠ್ಯಕ್ರಮದಲ್ಲಿ ಒಂಬತ್ತನೇ ತರಗತಿಯವರೆಗಿನ ಒಟ್ಟು ಪಾಠದ ಅವಧಿಯಲ್ಲಿ ವಿದೇಶಿ ಭಾಷೆಗೆ ಶೇ. 6ರಿಂದ 8, ದೈಹಿಕ ಶಿಕ್ಷಣಕ್ಕೆ ಶೇ. 10ರಿಂದ 11. 2023ರ ಸೆಪ್ಟೆಂಬರ್‌ನಲ್ಲಿ ಶಿಯಾನ್ ಜಿಯಾವೊತೊಂಗ್ ವಿಶ್ವವಿದ್ಯಾನಿಲಯ ಪದವಿಗೆ ಸಿಇಟಿ ಬೇಕಿಲ್ಲ ಎಂದು ಘೋಷಿಸಿದಾಗ ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬ. ಎಲ್ಲ ವಿಶ್ವವಿದ್ಯಾನಿಲಯಗಳೂ ಹೀಗೆ ಮಾಡಲಿ ಎಂಬ ಕೂಗೆದ್ದಿತು. ಅನುವಾದ ಮಾಡುವ ಆ್ಯಪ್‌ಗಳು, ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಕೂಗಿಗೆ ಬಲ ಬಂದಿದೆ. ಯಿವುವಿನಲ್ಲಿಯೇ ಅಂಗಡಿಯ ಯಜಮಾನತಿ ಚೀನೀಯಲ್ಲಿ ಒಂದು ವಿಡಿಯೊ ಮಾಡಿದರೆ, ಅವಳದೇ ಮುಖ, ಅವಳದೇ ತುಟಿ ಹತ್ತಾರು ಭಾಷೆಗಳಲ್ಲಿ ಮಾತನಾಡುವಂತೆ ಮಾಡುವ ವ್ಯವಸ್ಥೆ 2023ರಲ್ಲೇ ಬಂದಿದೆ. ದುಭಾಷಿಗಳ ಅನ್ನಕ್ಕೂ ಅದು ಕೈ ಹಾಕುತ್ತಿದೆ.

ಆದರೆ ಹಬ್ಬ ಮಾಡಿದವರು ಒಂದು ಲೆಕ್ಕ ಮರೆತಂತಿದೆ. ಹಿಂದೆ ವಿದೇಶಿ ಕಂಪೆನಿಗಳು ಚೀನಾಕ್ಕೆ ಬರುತ್ತಿದ್ದವು. ಈಗ ಚೀನೀ ಕಂಪೆನಿಗಳು ಹೊರಗೆ ಹೋಗುತ್ತಿವೆ. ಬಿವೈಡಿ ಕಾರು, ಶೀಇನ್ ಬಟ್ಟೆ, ಟೆಮು ವ್ಯಾಪಾರ, ಆಫ್ರಿಕದ ರಸ್ತೆ, ಸೇತುವೆ. ಬ್ರೆಜಿಲ್‌ನ ಕಾರ್ಖಾನೆಯಲ್ಲಿ ಕೆಲಸಗಾರನ ಜೊತೆ ಜಗಳ ಬಿಡಿಸಲು, ನೈಜೀರಿಯದ ಅಧಿಕಾರಿಯ ಎದುರು ಕೂತು ಒಪ್ಪಂದ ಕುದುರಿಸಲು ಫೋನ್ ಎತ್ತಿ ಹಿಡಿದರೆ ಸಾಲದು. ಇಂತಹ ಕೆಲಸಕ್ಕೆ ಬೇಕಾದದ್ದು ಬಾಯಿ ಇರುವ ಇಂಗ್ಲಿಷ್. ಶಾಲೆ ಯಾವತ್ತೂ ಕಲಿಸದೇ ಹೋದದ್ದು. ಭಾಷಾ ತರಬೇತಿ ಸಂಸ್ಥೆ ಇಎಫ್ ಪ್ರತಿವರ್ಷ ಪ್ರಕಟಿಸುವ ಪಟ್ಟಿಯಲ್ಲಿ ಚೀನಾ 2020ರಲ್ಲಿ 38ನೇ ಸ್ಥಾನದಲ್ಲಿತ್ತು, 2024ರಲ್ಲಿ 91ಕ್ಕೆ ಇಳಿಯಿತು. ತಾವಾಗಿಯೇ ಮುಂದೆ ಬಂದು ಆನ್‌ಲೈನ್ ಪರೀಕ್ಷೆ ಬರೆದವರ ಲೆಕ್ಕ ಅದು, ಇಡೀ ದೇಶದ್ದಲ್ಲ. ಪಟ್ಟಿ ಮಾಡುವವರಿಗೆ ತರಬೇತಿ ಮಾರುವುದೂ ಇದೆ. ಆದರೂ ಇಳಿತದ ದಿಕ್ಕು ಅನುಮಾನ ಬಾರದಷ್ಟು ಸ್ಪಷ್ಟ.

ಮತ್ತು ಇಂಗ್ಲಿಷ್ ಕಡಿಮೆ ಮಾಡಿದರೆ ಯಾರಿಗೆ ಕಡಿಮೆಯಾಗುತ್ತದೆ? ಬೀಜಿಂಗ್‌ನ ಶ್ರೀಮಂತರ ಮಕ್ಕಳು ಅಂತರ್‌ರಾಷ್ಟ್ರೀಯ ಶಾಲೆಗೆ ಹೋಗುತ್ತಾರೆ. ಟ್ಯೂಶನ್ ನಿಷೇಧವಾದರೂ ಮನೆಗೆ ಬಂದು ಕದ್ದು ಕಲಿಸುವ ಟೀಚರ್ ಸಿಗುತ್ತಾರೆ, ದರ ಮಾತ್ರ ಹಿಂದಿಗಿಂತ ಹೆಚ್ಚು. ಹಳ್ಳಿಯ ಮಗುವಿಗೆ ಇದ್ದದ್ದು ಸರಕಾರಿ ಶಾಲೆಯ ಆ ನಾಲ್ಕು ಪೀರಿಯಡ್. ಜರಡಿ ಅನ್ಯಾಯದ್ದೇ ಇರಬಹುದು, ಆದರೂ ಹಳ್ಳಿಯ ಕೆಲವರಾದರೂ ಅದನ್ನು ದಾಟಿ ಶಾಂಘೈ ಸೇರಿದ್ದರು. ಪರೀಕ್ಷೆಯಲ್ಲಿ ಮಾತಿಗೂ ಅಂಕ ಇಡುವುದು, ವೃತ್ತಿ ಶಾಲೆಯಲ್ಲಿ ವೃತ್ತಿಗೆ ತಕ್ಕ ಇಂಗ್ಲಿಷ್ ಕಲಿಸುವುದು, ಹಳ್ಳಿಗೆ ಒಳ್ಳೆಯ ಟೀಚರ್ ಕಳಿಸುವುದು, ಇವು ಖರ್ಚಿನ ಕೆಲಸಗಳು. ಪೀರಿಯಡ್ ಕಡಿಮೆ ಮಾಡುವುದು ಪುಕ್ಕಟೆ.

ಈ ಇಡೀ ವ್ಯವಸ್ಥೆಯ ಬಿಸಿ ಕರ್ನಾಟಕ, ಕೇರಳದ ಕೆಲವು ಮನೆಗಳಿಗೂ ತಟ್ಟಿದೆ. ಕಡಿಮೆ ಖರ್ಚಿಗೆ ಡಾಕ್ಟರ್ ಆಗಬಹುದೆಂದು ಮಕ್ಕಳನ್ನು ಚೀನಾಕ್ಕೆ ಎಂಬಿಬಿಎಸ್ ಓದಲು ಕಳಿಸಿದ ಮನೆಗಳು ಇವು. ಅಲ್ಲಿನ ಸರಕಾರ ಇಂಗ್ಲಿಷ್ ಮಾಧ್ಯಮದಲ್ಲಿ ಎಂಬಿಬಿಎಸ್ ಕಲಿಸಲು 45 ಕಾಲೇಜುಗಳಿಗೆ ಅನುಮತಿ ಕೊಟ್ಟಿತ್ತು. ಕಲಿಸುವ ಪ್ರೊಫೆಸರ್ ಮೂಕ ಇಂಗ್ಲಿಷ್‌ನಲ್ಲೇ ಬೆಳೆದವರು. ಪುಸ್ತಕ ಓದಿ ಅರ್ಥ ಮಾಡಿಕೊಳ್ಳಬಲ್ಲರು, ತರಗತಿಯಲ್ಲಿ ವಿವರಿಸಲು ತಡವರಿಸುತ್ತಾರೆ. ವಾರ್ಡಿಗೆ ಹೋದರೆ ರೋಗಿ ಮಾತನಾಡುವುದು ಚೀನೀ. ಹೊಟ್ಟೆ ಎಲ್ಲಿ ನೋಯುತ್ತದೆ ಎಂದು ಕೇಳಲೂ ವಿದ್ಯಾರ್ಥಿ ಚೀನೀ ಕಲಿಯಬೇಕು. ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2015ರಿಂದ 2021ರವರೆಗೆ ಚೀನಾದಲ್ಲಿ ಓದಿ ಬಂದು ಭಾರತದ ಅರ್ಹತಾ ಪರೀಕ್ಷೆ ಬರೆದವರು 40,417 ಮಂದಿ, ಪಾಸಾದವರು 6,387. ನೂರಕ್ಕೆ ಹದಿನಾರು. ಕಾಲೇಜುಗಳಲ್ಲಿ ಕಲಿಸುವವರ ಇಂಗ್ಲಿಷ್ ಹೇಗಿದೆ ಎಂದು ಮೊದಲೇ ವಿಚಾರಿಸಿ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಏಜೆಂಟರು ಹಂಚುವ ಬಣ್ಣದ ಕರಪತ್ರಗಳಲ್ಲಿ ಈ ಲೆಕ್ಕ ಇರುವುದಿಲ್ಲ.

ಇಷ್ಟೆಲ್ಲ ಚರ್ಚೆಯ ನಡುವೆಯೂ ಗಾವೊಕಾವೊ ಅಲುಗಿಲ್ಲ. ಇಂಗ್ಲಿಷ್ ಅಂಕವನ್ನು 150ರಿಂದ 100ಕ್ಕೆ ಇಳಿಸುವ ಪ್ರಸ್ತಾಪವನ್ನು ಬೀಜಿಂಗ್ 2013ರಲ್ಲಿ ಮುಂದಿಟ್ಟು ಕೈಬಿಟ್ಟಿತು. ಇಂಗ್ಲಿಷನ್ನು ಮುಖ್ಯ ವಿಷಯಗಳಿಂದಲೇ ತೆಗೆಯಿರಿ ಎಂದು 2021ರ ಮಾರ್ಚ್‌ನಲ್ಲಿ ರಾಜಕೀಯ ಸಲಹಾ ಸಮ್ಮೇಳನದ ಸದಸ್ಯರೊಬ್ಬರು ಕೇಳಿದಾಗಲೂ ಶಿಕ್ಷಣ ಇಲಾಖೆ ಒಪ್ಪಲಿಲ್ಲ. 2025ರಲ್ಲಿ ಪರೀಕ್ಷೆಗೆ ಹೆಸರು ಕೊಟ್ಟವರು 1 ಕೋಟಿ 33 ಲಕ್ಷಕ್ಕೂ ಹೆಚ್ಚು. ಜೂನ್ 8ರ ಮಧ್ಯಾಹ್ನ 3 ಗಂಟೆಗೆ ವಿದೇಶಿ ಭಾಷೆಯ ಪತ್ರಿಕೆ. ಕೇಂದ್ರಗಳ ಸುತ್ತ ಕಟ್ಟಡ ಕೆಲಸ ನಿಲ್ಲಿಸಿದ್ದರು, ಹಾರ್ನ್ ಹಾಕುವಂತಿಲ್ಲ. ಗೇಟಿನ ಹೊರಗೆ, ಶುಭವಾಗಲಿ ಎಂದು ಕೆಂಪು ಚಿಪಾವೊ ತೊಟ್ಟ ತಾಯಂದಿರು ಬಿಸಿಲಿನಲ್ಲಿ ನಿಂತಿದ್ದರು.